ನಾಲ್ಕನೇ ಟ್ಯಾಂಕಿನಲ್ಲಿ ಕೂತವರು

ನಮ್ಮೂರಿಗೆ ಹೊಸದಾಗಿ ಬಂದವರನ್ನು ಗುರುತಿಸುವುದು ಬಹಳ ಸುಲಭ. ಬಸ್ಸಿಳಿದ ಕೂಡಲೇ ಅವರು ಕೂರಲು ಜಾಗ ಹುಡುಕುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೆಂಚೂ ಯಾಕಿಲ್ಲ, ಜನರೆಲ್ಲ ಯಾಕೆ ಹೀಗೆ ಕಂಬದ ಸುತ್ತ ತಿರುಗುತ್ತಿದ್ದಾರೆ ಎಂದು ಪಿಳಿಪಿಳಿ ನೋಡುತ್ತಾ ನಿಲ್ಲುತ್ತಾರೆ. ಅಷ್ಟರಲ್ಲಿ ಯಾರಾದರೂ ಪುಣ್ಯಾತ್ಮರು ಹತ್ತಿರ ಬಂದು, "ಸ್ವಾಮೀ, ಚಪ್ಪಲಿ ನೋಡ್ಕೊಳ್ಳಿ" ಅನ್ನುತ್ತಾರೆ. ಬಗ್ಗಿ ನೋಡಿದರೆ ಚಪ್ಪಲಿಯ ಅಂಚು ಆಗಲೇ ನೆಲದೊಳಗೆ ಹೋಗಿರುತ್ತದೆ. ಅಲ್ಲಿಂದ ಮುಂದೆ ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ.

ಅಲುಗಾಡದೆ ಇದ್ದದ್ದು ನಮ್ಮಲ್ಲಿ ಇಳಿಯುತ್ತದೆ. ಮಣ್ಣಾದರೆ ಬೇಗ, ಕಾಂಕ್ರೀಟಾದರೆ ಸ್ವಲ್ಪ ನಿಧಾನ. ಹೆಂಗಸರು ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವ ಮೊದಲು ಹಂಡೆ, ಒರಳು, ಅಕ್ಕಿ ಡಬ್ಬಗಳನ್ನು ಒಂದೊಂದು ಗೇಣು ಸರಿಸುತ್ತಾರೆ. ಮಂಚಗಳು ತೊಲೆಯಿಂದ ಸರಪಳಿಯಲ್ಲಿ ತೂಗುತ್ತವೆ. ಯುಗಾದಿಗೆ ಮುಂಚೆ ಮನೆಗಳಿಗೆ ಜಾಕ್ ಕೊಟ್ಟು ಎತ್ತಿ ಆಮೇಲೆ ಸುಣ್ಣ ಹೊಡೆಯುತ್ತಾರೆ. ಮದುವೆಯಲ್ಲಿ ಪುರೋಹಿತರು ಮಂತ್ರದ ನಡುನಡುವೆ ವಧೂವರರನ್ನು ಎಬ್ಬಿಸಿ ಪಕ್ಕದ ಮಣೆಗೆ ದಾಟಿಸುತ್ತಾರೆ. ಸರ್ಕಲ್ಲಿನಲ್ಲಿರುವ ಮಹನೀಯರ ಪ್ರತಿಮೆ ಎದೆಯವರೆಗೆ ಇಳಿದಿದೆ. ಹಾರ ಹಾಕಲು ಏಣಿ ಬೇಕಾಗುವುದಿಲ್ಲ ಎಂದು ಪುರಸಭೆಯವರು ಅದನ್ನು ಎತ್ತಿಸುವ ಗೋಜಿಗೆ ಹೋಗಿಲ್ಲ. ವಯಸ್ಸಾದವರಿಗೆ ಕೂರಬೇಕು ಅನ್ನಿಸಿದರೆ ಸಿಟಿ ಬಸ್ಸು ಹತ್ತುತ್ತಾರೆ. ಓಡುವ ಬಸ್ಸಿನಲ್ಲಿ ಕೂತರೆ ಏನೂ ಆಗುವುದಿಲ್ಲ. ಆದರೆ ನಮ್ಮ ರಸ್ತೆಗಳಲ್ಲಿ ಬಸ್ಸಿನಲ್ಲಿ ಕೂರುವುದನ್ನು ವಿಶ್ರಾಂತಿ ಎಂದು ಕರೆಯಲು ದೊಡ್ಡ ಮನಸ್ಸು ಬೇಕು.

ನನ್ನ ಹೆಸರು ಸರ್ವಮಂಗಳ. ಮಂಗಳಕ್ಕ ಎಂದರೆ ಊರಿಗೆಲ್ಲ ಗೊತ್ತು. ನನ್ನದು ಟ್ಯಾಂಕ್ ಖಾಲಿ ಮಾಡಿಸುವ ಕೆಲಸ. ಸೋಪಿನ ಕಾರ್ಖಾನೆ, ಬಣ್ಣದ ಕಾರ್ಖಾನೆ, ಎಣ್ಣೆ ಮಿಲ್ಲು, ಎಲ್ಲದರ ಹಿಂದೆಯೂ ಕೊಳೆನೀರು ತುಂಬಿಡುವ ದೊಡ್ಡ ಟ್ಯಾಂಕುಗಳಿರುತ್ತವೆ. ಮೇಲೆ ನೀರು, ತಳದಲ್ಲಿ ಮಡ್ಡಿ. ಬೇರೆ ಊರುಗಳಲ್ಲಿ ಮಡ್ಡಿ ಕೆಸರಿನ ಹಾಗೆ ಇರುತ್ತದಂತೆ. ನಮ್ಮಲ್ಲಿ ಒಂದಷ್ಟು ದಿನ ಕದಡದೆ ಬಿಟ್ಟರೆ ಕಲ್ಲಾಗುತ್ತದೆ, ಆಮೇಲೆ ಸುತ್ತಿಗೆಯೇ ಗತಿ. ಆದ್ದರಿಂದ ಪ್ರತಿ ಟ್ಯಾಂಕಿಗೂ ಒಬ್ಬ ಕೋಲಿನವರು ಇರುತ್ತಾರೆ. ಟ್ಯಾಂಕಿನ ಮೇಲ್ಚಾವಣಿಯಲ್ಲಿ ಸುತ್ತಲೂ ತೂತುಗಳಿರುತ್ತವೆ. ಕೋಲಿನವರು ಉದ್ದನೆಯ ಬಿದಿರು ಕೋಲು ಹಿಡಿದು ಈ ತೂತಿನಿಂದ ಆ ತೂತಿಗೆ ನಡೆಯುತ್ತಾ ತಳವನ್ನು ಕದಡುತ್ತಿರಬೇಕು.

ವರ್ಷಕ್ಕೊಮ್ಮೆ ನಾವು ಹೋಗುತ್ತೇವೆ. ಮುಚ್ಚಳ ತೆಗೆದು ಬ್ಲೋವರ್‌ನಿಂದ ಗಾಳಿ ಊದಿಸಿ, ಕೆಟ್ಟ ಗಾಳಿ ಹೋಯಿತೆಂದು ಮೀಟರ್ ಇಳಿಸಿ ಖಾತ್ರಿ ಮಾಡಿಕೊಂಡು, ಮೇಲಿನ ನೀರನ್ನು ಟ್ಯಾಂಕರಿಗೆ ಎಳೆಯುತ್ತೇವೆ. ಆಮೇಲೆ ಮಡ್ಡಿಗೆ ಜೋರಾಗಿ ನೀರು ಹೊಡೆದು, ಅದು ಸಡಿಲವಾದ ಮೇಲೆ ಅದನ್ನೂ ಎಳೆಯುತ್ತೇವೆ. ಕೊನೆಗೆ ಹಗ್ಗ ಕಟ್ಟಿಕೊಂಡು ಆಳು ಇಳಿದು ಮೂಲೆಗಳನ್ನು ಹಲಗೆಯಿಂದ ಕೆರೆಯಬೇಕು. ಪಂಪು ಮತ್ತು ಟ್ಯಾಂಕರು ಬುಡೇನ್ ಸಾಬರ ಜವಾಬ್ದಾರಿ. ನಮ್ಮೂರಲ್ಲಿ ಗಾಡಿಯನ್ನು ಒಂದೇ ಕಡೆ ನಿಲ್ಲಿಸುವ ಹಾಗಿಲ್ಲವಲ್ಲ, ಪಂಪು ಓಡುವಷ್ಟು ಹೊತ್ತೂ ಅವರು ಟ್ಯಾಂಕರನ್ನು ಒಂದು ಮಾರು ಮುಂದೆ, ಒಂದು ಮಾರು ಹಿಂದೆ ಆಡಿಸುತ್ತಲೇ ಇರುತ್ತಾರೆ. ಹಗ್ಗ ಕಟ್ಟಿಕೊಂಡು ಇಳಿಯುವವನು ಹಾಲೇಶ. ನಾನು ಬಾಯಲ್ಲಿರುವವಳು. ಟ್ಯಾಂಕಿನ ಬಾಯಲ್ಲಿ ನಿಂತವರು ಒಳಗಿರುವವರ ಮೇಲಿಂದ ಕಣ್ಣು ತೆಗೆಯಬಾರದು, ಮಾತು ನಿಲ್ಲಿಸಬಾರದು, ಏನೇ ಆದರೂ ಒಳಗೆ ಇಳಿಯಬಾರದು. ಮಾತು ನಿಲ್ಲಿಸದಿರುವುದು ಮಂಗಳಕ್ಕನಿಗೆ ಕಷ್ಟವೇನಲ್ಲ ಎಂದು ಬುಡೇನ್ ಸಾಬರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ.

ಮಡ್ಡಿ ಎಬ್ಬಿಸುವವರನ್ನೇ ಊರವರು ಮನುಷ್ಯರನ್ನು ಎಬ್ಬಿಸಲೂ ಕರೆಯುತ್ತಾರೆ. ಮೈಮರೆತು ಕೂತವರು, ಸಿಟ್ಟು ಮಾಡಿಕೊಂಡು ಕೂತವರು, ಹಬ್ಬದೂಟ ಹೆಚ್ಚಾಗಿ ಕೂತವರು, ತಿಂಗಳಿಗೆ ಒಬ್ಬರಾದರೂ ಸಿಗುತ್ತಾರೆ. ಸೊಂಟದವರೆಗೆ ಇಳಿದರೂ ಭಯವಿಲ್ಲ. ಎದೆಯವರೆಗೆ ಬಂದರೆ ಕಷ್ಟ. ಗದ್ದ ಮುಳುಗಿದವರು ಯಾರೂ ವಾಪಸು ಬಂದಿಲ್ಲ. ಎರಡು ಕೆಲಸಕ್ಕೂ ವಿಧಾನ ಒಂದೇ, ಎಳೆಯಬಾರದು, ಕದಡಬೇಕು. ಎಳೆದರೆ ಮನುಷ್ಯ ಬರುತ್ತಾನೆ, ಪೂರ್ತಿ ಬರುವುದಿಲ್ಲ. ಗರಡಿಮನೆಯ ಹನುಮಂತಪ್ಪನವರನ್ನು ಮಕ್ಕಳು ಆತುರಕ್ಕೆ ಬಿದ್ದು ಹಗ್ಗ ಹಾಕಿ ಎಳೆದರು. ಮೈಗೆ ಒಂದು ಗೀರೂ ಆಗಲಿಲ್ಲ. ಆದರೆ ಆವತ್ತಿನಿಂದ ಅವರಿಗೆ ಇದು ಬೇಕು, ಅದು ಬೇಡ ಅನ್ನುವುದೇ ಹೋಯಿತು. ಹಾಕಿದ್ದನ್ನು ಉಣ್ಣುತ್ತಾರೆ, ಹೇಳಿದ ಕಡೆ ನಡೆಯುತ್ತಾರೆ, ಕರೆದರೆ ಓ ಅನ್ನುತ್ತಾರೆ. ಹಾಗಾಗಿ ಕೂತವರ ಮನಸ್ಸಿಗೆ ಏನಾದರೂ ತಾಗಿಸಿ, ಅವರಾಗಿಯೇ ಅಲುಗಾಡುವಂತೆ ಮಾಡಬೇಕು. ಸಂತೆಬೀದಿಯ ಗೌರಜ್ಜಿ ಸೊಸೆಯ ಮೇಲೆ ಮುನಿಸಿಕೊಂಡು ಪಡಸಾಲೆಯಲ್ಲಿ ಇಳಿದುಬಿಟ್ಟಿದ್ದರು. ಮಗ ಅತ್ತ, ಮೊಮ್ಮಕ್ಕಳು ಅತ್ತವು, ಅಜ್ಜಿ ಜಪ್ಪಯ್ಯ ಅನ್ನಲಿಲ್ಲ. ನಾನು ಹೋಗಿ ಕಿವಿಯ ಹತ್ತಿರ, "ಅಜ್ಜೀ, ನಿಮ್ಮ ಸೊಸೆ ಒದ್ದೆ ಕೈಯನ್ನೇ ಉಪ್ಪಿನಕಾಯಿ ಜಾಡಿಗೆ ಹಾಕ್ತಿದಾಳೆ" ಎಂದೆ. ಅಜ್ಜಿ ಎದ್ದ ರಭಸಕ್ಕೆ ಪಡಸಾಲೆಯ ಗಾರೆ ಕಿತ್ತುಬಂತು.

ಇಂಥದ್ದನ್ನೆಲ್ಲ ನಾನು ಸಾಯಂಕಾಲ ಅಡುಗೆ ಮಾಡುತ್ತಾ ನಮ್ಮನೆಯವರಿಗೆ ಹೇಳುತ್ತಿದ್ದೆ. ಮನೆಯಲ್ಲಿ ನಾವಿಬ್ಬರೇ. ನಮ್ಮನೆಯವರ ಹೆಸರು ಓಂಕಾರಪ್ಪ, ಸೋಪಿನ ಕಾರ್ಖಾನೆಯ ನಾಲ್ಕನೇ ಟ್ಯಾಂಕಿನ ಕೋಲಿನವರು. ಮಾತು ಕಡಿಮೆ. ನಾನು ಒಲೆಯ ಮುಂದೆ ಕಾಲು ಬದಲಿಸುತ್ತಾ ಹೇಳುತ್ತಿದ್ದರೆ ಅವರು ಅಡುಗೆಮನೆಯಲ್ಲೇ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾ ಕೇಳುತ್ತಿದ್ದರು. ನಡುವೆ ಒಮ್ಮೊಮ್ಮೆ ನಕ್ಕು, "ಆಮೇಲೆ?" ಅನ್ನುತ್ತಿದ್ದರು. ಗಂಡಹೆಂಡತಿ ಅಂದಮೇಲೆ ಇಷ್ಟೇ ಇರುತ್ತದೆ ಅಂದುಕೊಂಡಿದ್ದೆ. ಅವರಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಬೇಕೆಂದು ನನಗೆ ಹೊಳೆದಿರಲೂ ಇಲ್ಲ.

ಆ ವರ್ಷ ನಾಲ್ಕನೇ ಟ್ಯಾಂಕಿನ ಕೆಲಸ ಸಲೀಸಾಗಿ ನಡೆಯಿತು. ಮಡ್ಡಿ ಗಟ್ಟಿಯಾಗಿರಲಿಲ್ಲ. ನಮ್ಮನೆಯವರ ಟ್ಯಾಂಕಿನಲ್ಲಿ ಯಾವತ್ತೂ ಗಟ್ಟಿಯಾಗುತ್ತಿರಲಿಲ್ಲ ಎಂದು ಹೇಳಿದರೆ ಹೆಂಡತಿ ಹೊಗಳಿದಂತಾಗುತ್ತದೆ, ಆದರೆ ಅದು ನಿಜ. ಹಾಲೇಶ ಮೂಲೆಗಳನ್ನು ಕೆರೆದು ಮೇಲೆ ಬಂದ. ಇಲ್ಲಿಂದ ಮುಂದೆ ಒಂದು ಪದ್ಧತಿ ಇದೆ. ಖಾಲಿಯಾದ ಟ್ಯಾಂಕಿಗೆ ಅದರ ಕೋಲಿನವರೇ ಬರಿಗಾಲಲ್ಲಿ ಇಳಿದು ತಳದ ಮೇಲೆಲ್ಲ ನಡೆಯಬೇಕು. ಕಣ್ಣಿಗೆ ಕಾಣದ ಮಡ್ಡಿಯೂ ಅಂಗಾಲಿಗೆ ಸಿಗುತ್ತದೆ. ಅವರು "ಸರಿಯಿದೆ" ಅಂದಮೇಲೆಯೇ ಟ್ಯಾಂಕಿಗೆ ಮತ್ತೆ ನೀರು ಬಿಡುವುದು. ನಮ್ಮನೆಯವರು ಏಣಿ ಇಳಿದರು, ಗೋಡೆಯ ಪಕ್ಕದಿಂದ ಶುರುಮಾಡಿ ಸುತ್ತುತ್ತಾ ನಡುವಿನವರೆಗೆ ನಡೆದರು, "ಸರಿಯಿದೆ" ಎಂದರು. ಆಮೇಲೆ ಏಣಿಯ ಕಡೆ ಬರುವ ಬದಲು ದೂರದ ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತರು.

ಏನೋ ಬಿದ್ದದ್ದನ್ನು ಎತ್ತಿಕೊಳ್ಳುತ್ತಿದ್ದಾರೆ ಅಂದುಕೊಂಡೆ. "ಏನ್ರೀ ಅದು?" ಎಂದು ಕೂಗಿದೆ. "ಏನಿಲ್ಲ, ಒಂಚೂರು ಕೂತಿದೀನಿ" ಎಂದರು. ಊರ ಹೊರಗಿನವರು ಅನ್ನುವಷ್ಟು ಸಹಜವಾಗಿ ಅಂದರು. "ಕೂತಿದೀರಾ? ಏಳ್ರೀ ಮೇಲೆ!" ಎಂದೆ. "ಏಳ್ತೀನಿ" ಎಂದು ಕಣ್ಣು ಮುಚ್ಚಿಕೊಂಡರು. ಟ್ಯಾಂಕಿನ ತಳದಲ್ಲಿ ಇಳಿಯುವುದು ಹೊರಗಡೆಗಿಂತ ಬೇಗ. ನಾನು ಹಾಲೇಶನಿಗೆ ಟಾರ್ಚ್ ತರಲು ಹೇಳಿ, ಅವನು ತಂದು ಬೆಳಕು ಬಿಡುವಷ್ಟರಲ್ಲಿ ಅವರ ಹಿಮ್ಮಡಿಗಳು ಕಾಣುತ್ತಿರಲಿಲ್ಲ.

ನಾನು ಹೆದರಲಿಲ್ಲ. ಹೆದರಿದೆ ಎಂದು ಈಗ ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಆ ಹೊತ್ತಿಗೆ ನನಗೆ ಅನ್ನಿಸಿದ್ದು ಇದು ಇನ್ನೊಂದು ಕೆಲಸ ಅಂತಲೇ. ಎಷ್ಟೋ ಜನರನ್ನು ಎಬ್ಬಿಸಿದವಳು, ಗಂಡನನ್ನು ಎಬ್ಬಿಸಲಾರೆನೇ? "ರೀ, ನಿಮ್ಮ ತಮ್ಮ ಬಂದಿದಾರೆ, ಗೇಟಿನ ಹತ್ರ ನಿಂತಿದಾರೆ" ಎಂದೆ. ಅಣ್ಣತಮ್ಮಂದಿರಿಗೆ ಮಾತಿಲ್ಲದೆ ಬಹಳ ಕಾಲವಾಗಿತ್ತು. ಕೆಳಗಿನಿಂದ ನಗು ಕೇಳಿಸಿತು. "ಎಣ್ಣೆ ಮಿಲ್ಲಿನ ರುದ್ರಪ್ಪಂಗೂ ಇದೇ ಹೇಳಿದ್ದೆ ಅಲ್ವೇನೇ? ಅವನಿಗೆ ಅಕ್ಕ ಬಂದಿದಾಳೆ ಅಂದಿದ್ದೆ" ಎಂದರು. ಬುಡೇನ್ ಸಾಬರು ತಾವೂ ಒಂದು ಕೈ ನೋಡೋಣವೆಂದು ಬಗ್ಗಿ, "ಓಂಕಾರಣ್ಣ, ಮೂರನೇ ಟ್ಯಾಂಕಿನವನು ನಿಮ್ಮ ಕೆಲಸ ನೋಡಿ ನಗ್ತಿದಾನೆ. ಎಲ್ಲಾ ಗಲೀಜು ಅಂತಾನೆ" ಎಂದು ಕೂಗಿದರು. "ಅವನಿಗೆ ಕೋಲು ಹಿಡಿಯೋದು ಕಲಿಸಿದ್ದೇ ನಾನು ಸಾಬರೇ, ಅವನು ಹಂಗೆ ಅನ್ನಲ್ಲ. ಸುಮ್ನೆ ಗಂಟಲು ನೋಯಿಸ್ಕೋಬೇಡಿ" ಎಂದು ಉತ್ತರ ಬಂತು.

ಆಗ ನನಗೆ ತೊಂದರೆ ಎಲ್ಲಿದೆ ಎಂದು ಅರ್ಥವಾಯಿತು. ನನ್ನ ಹತ್ತಿರ ಇದ್ದ ಉಪಾಯಗಳನ್ನೆಲ್ಲ ನಾನೇ ವರ್ಷಗಟ್ಟಲೆ ಒಲೆಯ ಮುಂದೆ ನಿಂತು ಅವರಿಗೆ ಬಿಡಿಸಿ ಹೇಳಿದ್ದೆ. ಈ ಊರಿನಲ್ಲಿ ನನ್ನಿಂದ ಎಬ್ಬಿಸಲಾಗದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮನೆಯವರು ಒಬ್ಬರೇ.

ಆದರೂ ಬಿಡಲಿಲ್ಲ. ಹಾಲೇಶನನ್ನು ಮನೆಗೆ ಓಡಿಸಿ ಬಿಸಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಮಾಡಿಸಿ ತರಿಸಿದೆ. ಪಕ್ಕದ ಮನೆಯವರು ಪಾಪ, ಕೇಳಿದ ಕೂಡಲೇ ಮಾಡಿಕೊಟ್ಟರು. ತಟ್ಟೆಯನ್ನು ಬ್ಲೋವರ್ ಮುಂದೆ ಹಿಡಿದು ಘಮವನ್ನೆಲ್ಲ ಕೆಳಗೆ ಊದಿಸಿದೆ. ಅದು ಅವರಿಗೆ ಪ್ರಾಣ. ಅಷ್ಟು ಹೊತ್ತಿಗೆ ಸೊಂಟದವರೆಗೆ ಇಳಿದಿದ್ದರು. "ಘಮ ಚೆನ್ನಾಗಿದೆ" ಎಂದರು. "ಹಾಲೇಶಂಗೆ ಕೊಡು. ಬೆಳಿಗ್ಗೆಯಿಂದ ಅವನು ಏನೂ ತಿಂದಿಲ್ಲ." ಹಾಲೇಶ ತಟ್ಟೆ ಹಿಡಿದುಕೊಂಡು ಅಳಲು ಶುರುಮಾಡಿದ. ಅತ್ತುಕೊಂಡೇ ಕಾಲು ಬದಲಿಸುತ್ತಿದ್ದ, ನಮ್ಮೂರವರಿಗೆ ಅದೊಂದು ಮರೆಯುವುದಿಲ್ಲ.

ಕಾರ್ಖಾನೆಯ ಮ್ಯಾನೇಜರ್ ಶ್ರೀಪಾದರಾಯರು ಒಳ್ಳೆಯವರು. ಗದರಿಸಲಿಲ್ಲ. ಟ್ಯಾಂಕಿನ ಮೇಲೆ ನನ್ನ ಪಕ್ಕದಲ್ಲೇ ಶತಪಥ ಹಾಕುತ್ತಾ, "ಅಮ್ಮಾ, ಮೂರನೇ ಟ್ಯಾಂಕು ಸಾಯಂಕಾಲಕ್ಕೆ ತುಂಬಿಬಿಡುತ್ತೆ. ಕಾರ್ಖಾನೆ ನಿಲ್ಲಿಸಿದ್ರೆ ಕಡಾಯಿಯಲ್ಲಿರೋ ಸೋಪೆಲ್ಲ ಹಾಳಾಗುತ್ತೆ. ನಿಲ್ಲಿಸದೆ ಇದ್ರೆ ಕೊಳೆನೀರು ಚೆಲ್ಲಿ ಸಂತೆಬೀದಿಗೆ ಹರಿಯುತ್ತೆ. ಈ ಟ್ಯಾಂಕಿಗೆ ನೀರು ಬಿಡೋಣ ಅಂದ್ರೆ ಒಳಗೆ ಓಂಕಾರಪ್ಪ ಇದಾರೆ. ನಾನು ಏನು ಮಾಡ್ಲಿ ಹೇಳಿ" ಎಂದರು. ಆಮೇಲೆ ಬಗ್ಗಿ ಕೆಳಗೆ ನೋಡಿ, "ಹಗ್ಗ ಹಾಕಿ ಎಳೆಯೋಕೆ ಆಗಲ್ವ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಹಾಲೇಶನೂ ಮೂಗು ಒರೆಸಿಕೊಂಡು, "ಎಳೆದುಬಿಡೋಣ ಅಕ್ಕಾ. ಒಂಚೂರು ಕಮ್ಮಿ ಬಂದ್ರೂ ಬರ್ಲಿ, ಜೀವ ಉಳಿಯುತ್ತಲ್ಲ" ಎಂದ.

ಬೇಡ ಎಂದೆ. ಹಾಕಿದ್ದನ್ನು ಉಣ್ಣುವ, ಹೇಳಿದ ಕಡೆ ನಡೆಯುವ, ಕರೆದರೆ ಓ ಅನ್ನುವ ಗಂಡ ನನಗೆ ಬೇಡ ಎಂದು ಹೇಳಲು ಬಾಯಿ ತೆರೆದವಳು ಅರ್ಧಕ್ಕೆ ನಿಲ್ಲಿಸಿದೆ. ನಮ್ಮನೆಯವರು ಇದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹುಚ್ಚೆಳ್ಳು ಚಟ್ನಿ ಪ್ರಾಣ ಎಂದು ಅವರು ಹೇಳಿದ್ದಲ್ಲ, ನಾನು ಊಹಿಸಿದ್ದು. ಯಾರೂ ಹಗ್ಗ ಹಾಕಿ ಎಳೆಯದೆಯೇ ಅವರು ಹಾಗಾಗಿ ಎಷ್ಟು ವರ್ಷವಾಗಿತ್ತೋ! ಆಗ ನನಗೆ ಮೊದಲ ಸಲ ಹೆದರಿಕೆಯಾಯಿತು.

"ಹಾಲೇಶಾ, ಬಾಯಲ್ಲಿ ನೀನು ನಿಂತ್ಕೋ" ಎಂದು ಏಣಿಗೆ ಕಾಲಿಟ್ಟೆ. "ಅಕ್ಕಾ, ಬಾಯಲ್ಲಿರೋರು ಇಳೀಬಾರದು" ಎಂದು ಅವನು ನನಗೇ ಪಾಠ ಹೇಳಿದ. "ಈಗ ಬಾಯಲ್ಲಿರೋನು ನೀನು. ನೀನು ಇಳೀಬೇಡ" ಎಂದೆ. ಬುಡೇನ್ ಸಾಬರು ಹಗ್ಗ ತಂದು ನನ್ನ ಸೊಂಟಕ್ಕೆ ಕಟ್ಟಿದರು, ಗಂಟನ್ನು ಎರಡು ಸಲ ಎಳೆದು ನೋಡಿದರು.

ಇಷ್ಟು ವರ್ಷ ಕೆಲಸ ಮಾಡಿಯೂ ಟ್ಯಾಂಕಿನ ಒಳಗೆ ನಾನು ಇಳಿದು ನೋಡಿದ್ದು ಅದೇ ಮೊದಲು. ಮೇಲಿಂದ ಕಾಣುವುದೇ ಬೇರೆ. ಗೋಡೆಗಳ ಮೇಲೆ ವರ್ಷವರ್ಷದ ನೀರಿನ ಗೆರೆಗಳಿದ್ದವು. ಸೋಪಿನ ವಾಸನೆ, ಅದರ ಕೆಳಗೆ ಇನ್ನೇನೋ ಹಳಸಿದ ವಾಸನೆ. ತಣ್ಣಗಿತ್ತು. ನಮ್ಮನೆಯವರು ಹೊಟ್ಟೆಯವರೆಗೆ ಇಳಿದು, ಕೈಗಳನ್ನು ಎದುರಿಗೆ ನೆಲದ ಮೇಲಿಟ್ಟುಕೊಂಡಿದ್ದರು. ನಾನು ಅವರ ಸುತ್ತ ನಡೆಯುತ್ತಾ, "ಯಾಕ್ರೀ?" ಎಂದೆ. "ಯಾಕೆ ಅಂತ ಇಲ್ಲ ಕಣೇ. ನೆಲ ತಣ್ಣಗಿತ್ತು, ಕೂತೆ. ಕೂತ ಮೇಲೆ ಗೊತ್ತಾಯ್ತು ಎಷ್ಟು ಸುಸ್ತಾಗಿತ್ತು ಅಂತ." "ಸುಸ್ತಾಗಿದ್ರೆ ಮನೆಗೆ ಬಂದು ಮಂಚದಲ್ಲಿ ಮಲಗಬೇಕಿತ್ತು." "ಮಂಚ ತೂಗುತ್ತೆ. ಇದು ತೂಗಲ್ಲ" ಎಂದರು. "ನಾನು ನೆನಪಾಗಲಿಲ್ವ ನಿಮಗೆ?" ಎಂದೆ. ಅವರು ಯೋಚಿಸಿ, ಸುಳ್ಳು ಹೇಳುವ ಅಭ್ಯಾಸವಿಲ್ಲದ ಮನುಷ್ಯ, "ನೆನಪಾದೆ. ನಿನಗೆ ಕೆಲಸ ಇದೆಯಲ್ಲ ಅನ್ನಿಸ್ತು" ಎಂದರು.

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವರ ಅಪ್ಪನನ್ನು, ಅವರ ಕೋಲನ್ನು, ಮದುವೆ ಮಾಡಿಸಿದ ಸೋದರಮಾವನನ್ನು, ಯಾರನ್ನೂ ಬಿಡಲಿಲ್ಲ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, "ಆಮೇಲೆ?" ಎಂದರು. ಗೇಲಿಗೆ ಅಂದದ್ದಲ್ಲ. ಅಡುಗೆಮನೆಯಲ್ಲಿ ಅನ್ನುತ್ತಿದ್ದರಲ್ಲ, ಹಾಗೆಯೇ ಅಂದರು. ನೋಡನೋಡುತ್ತಾ ಎದೆಯ ಗುಂಡಿಯವರೆಗೆ ಇಳಿದಿದ್ದರು.

ಉಳಿದದ್ದು ಒಂದೇ ದಾರಿ. ಗಂಡನನ್ನು ಎಬ್ಬಿಸಲು ಹೆಂಡತಿಯೇ ಕೂರುವುದು. ನನ್ನ ಕಸುಬಿನಲ್ಲಿ ಯಾರೂ ಮಾಡಿರದ ಕೆಲಸ. ಆದರೆ ಲೆಕ್ಕಾಚಾರ ಸರಿಯಾಗಿಯೇ ಇತ್ತು, ನಾನು ಮುಳುಗುವುದನ್ನು ಕಂಡರೆ ಅವರ ಮನಸ್ಸು ತಡೆಯಲಾರದು. ಅವರ ಎದುರಿಗೆ, ಕೈಗೆಟುಕದಷ್ಟು ದೂರದಲ್ಲಿ, ಸೀರೆ ಮಡಚಿಕೊಂಡು ಕೂತೆ. ಮೇಲೆ ಹಾಲೇಶ ಕಿರುಚಿದ. ನಮ್ಮನೆಯವರು ನಕ್ಕರು. "ಇದೂ ಕಸುಬೇ ತಾನೆ?" ಎಂದರು. "ಹೌದು" ಎಂದೆ. ಅವರ ಹತ್ತಿರ ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಾನು ಏಳಲ್ಲ ಮಂಗಳಾ. ನೀನು ಸುಮ್ಮನೆ ಸೀರೆ ಹಾಳುಮಾಡ್ಕೋತೀಯ." "ಏಳಬೇಡಿ" ಎಂದೆ.

ಮೊದಲು ನನಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಕಾಲು ಬದಲಿಸಿದವಳು, ಎರಡು ಕಾಲನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂದೇ ಗೊತ್ತಿರಲಿಲ್ಲ. ಮೈ ತಾನಾಗಿ ಅಲುಗುತ್ತಿತ್ತು. ಆಮೇಲೆ ಅಲುಗುವುದು ನಿಂತಿತು. ನೆಲ ಮೆತ್ತಗಾಯಿತು, ನಾದಿದ ಹಿಟ್ಟಿಗೆ ಬೆರಳೂರಿದ ಹಾಗೆ. ಬೆನ್ನಿನಲ್ಲಿ ಯಾವುದೋ ಗಂಟು ಬಿಚ್ಚಿತು. ಅಂಥದ್ದೊಂದು ಗಂಟು ಅಲ್ಲಿತ್ತು ಎನ್ನುವುದೇ ನನಗೆ ತಿಳಿದಿರಲಿಲ್ಲ. ನಾನು ಮುಂದಕ್ಕೆ ಬಾಗಿ ಕೂತಿದ್ದರಿಂದ ನಮ್ಮನೆಯವರ ಮುಖ ನನ್ನ ಮುಖಕ್ಕೆ ಸಮನಾಗಿತ್ತು. ನಾವಿಬ್ಬರೂ ಹೀಗೆ ಒಂದೇ ಎತ್ತರದಲ್ಲಿ, ಇಬ್ಬರೂ ಅಲುಗದೆ, ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ. ಅವರ ಎಡ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗುರುತಿತ್ತು. ಕಿವಿಯಲ್ಲಿ ಕೂದಲು ಬೆಳ್ಳಗಾಗಿತ್ತು. ಕಣ್ಣು ನಾನು ಅಂದುಕೊಂಡಿದ್ದಷ್ಟು ಕಪ್ಪಲ್ಲ, ಸ್ವಲ್ಪ ಕಂದು. ಇದನ್ನೆಲ್ಲ ಹೇಳಬೇಕು ಅನ್ನಿಸಿತು. ಆದರೆ ಹೇಳಲು ಬಾಯಿ ತೆರೆಯಬೇಕಲ್ಲ, ಇರಲಿ ಬಿಡು, ಆಮೇಲೆ ಹೇಳಿದರಾಯಿತು ಅನ್ನಿಸಿತು.

"ಸಾಕು ಏಳು, ಕಾಲು ಪೂರ್ತಿ ಹೋಯ್ತು ನಿಂದು" ಎಂದರು ನಮ್ಮನೆಯವರು. ಕೇಳಿಸಿತು. ಉತ್ತರ ಕೊಡಬಹುದಾಗಿತ್ತು. ಬ್ಲೋವರ್ ಒಂದೇ ಸಮನೆ ಊದುತ್ತಿತ್ತು, ಅದು ಎಷ್ಟು ಹಿತವಾದ ಸದ್ದು ಎಂದು ಕೇಳುತ್ತಾ ಇದ್ದೆ. "ಮಂಗಳಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮಂಗಳಾ, ಏನಾದ್ರೂ ಮಾತಾಡು" ಎಂದರು. ಮೇಲಿನಿಂದ ಹಾಲೇಶ, "ಅಕ್ಕಾ! ಮಾತಾಡಿ ಅಕ್ಕಾ!" ಎಂದು ಕೂಗುತ್ತಿದ್ದ. ನಾನು ಸುಮ್ಮನಿರುವುದನ್ನು ಆ ಇಬ್ಬರೂ ಜೀವಮಾನದಲ್ಲಿ ಕಂಡಿರಲಿಲ್ಲ.

ಆಮೇಲೆ ನಮ್ಮನೆಯವರು ನನ್ನನ್ನು ಕದಡಲು ನೋಡಿದರು. ಪಾಪ, ಕೇಳಿ ಗೊತ್ತೇ ಹೊರತು ಮಾಡಿ ಗೊತ್ತಿರಲಿಲ್ಲ. "ನಿನ್ನ ತಂಗಿ ಬಂದಿದಾಳಂತೆ" ಎಂದರು. ನನಗೆ ತಂಗಿಯೇ ಇಲ್ಲ. "ಬುಡೇನ್ ಸಾಬರು ಪಂಪು ಕೆಡಿಸಿದಾರೆ" ಎಂದರು. ಕೆಡಿಸಲಿ ಅನ್ನಿಸಿತು. "ಪಕ್ಕದ ಮನೆಯವಳು ಒದ್ದೆ ಕೈಯಲ್ಲಿ ಉಪ್ಪಿನಕಾಯಿ ಜಾಡಿಗೆ..." ಎಂದು ಶುರುಮಾಡಿದವರಿಗೆ ಮಾತು ಮುಗಿಸಲಾಗದೆ ದನಿ ಒಡೆಯಿತು. ನನಗೆ ಅದೆಲ್ಲ ದೂರದಲ್ಲಿ ಯಾರದೋ ಮನೆಯ ಸಂಗತಿಯ ಹಾಗೆ ಕೇಳಿಸುತ್ತಿತ್ತು. ನೆಲ ನನ್ನ ಸೊಂಟ ಮುಟ್ಟಿತ್ತು. ಸೊಂಟದ ಹಗ್ಗವೂ ನನ್ನ ಜೊತೆ ಇಳಿಯುತ್ತಿತ್ತು. ಭಯವಾಗಬೇಕಿತ್ತು. ಆಗಲಿಲ್ಲ.

"ನನಗೆ ನೀನು ಬೇಕು ಕಣೇ!" ಎಂದು ನಮ್ಮನೆಯವರು ಕಿರುಚಿದರು. ಆ ಖಾಲಿ ಟ್ಯಾಂಕಿನಲ್ಲಿ ಅದು ನಾಲ್ಕೂ ಗೋಡೆಗೆ ಬಡಿದು ವಾಪಸು ಬಂತು. ಎರಡೂ ಕೈಯನ್ನು ನೆಲಕ್ಕೆ ಊರಿ, ಭುಜ ಅಲ್ಲಾಡಿಸುತ್ತಾ, ಕುತ್ತಿಗೆಯ ನರ ಉಬ್ಬಿಸಿ ಒದ್ದಾಡಿದರು. ಮಡ್ಡಿ ಸಡಿಲವಾಗುವಾಗ ಬುಳಕ್ ಎಂದು ಒಂದು ಸದ್ದು ಬರುತ್ತದೆ. ನನ್ನ ಕಸುಬಿನಲ್ಲಿ ನನಗೆ ಬಹಳ ಇಷ್ಟವಾದ ಸದ್ದು ಅದು. ಕೇಳಿಸಿತು. ಎದೆ ಬಂತು, ಸೊಂಟ ಬಂತು, ಮೊಣಕಾಲು ಬಂತು. ತೆವಳಿಕೊಂಡು ನನ್ನ ಹತ್ತಿರ ಬಂದರು.

ಮೇಲೆ ಹಾಲೇಶ ನನ್ನ ಹಗ್ಗವನ್ನು ಬಿಗಿ ಮಾಡಿದ. "ಎಳೀಬೇಡ!" ಎಂದು ನಮ್ಮನೆಯವರು ಅಬ್ಬರಿಸಿದರು. ಅವರು ಯಾರನ್ನಾದರೂ ಗದರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹಗ್ಗ ಸಡಿಲಾಯಿತು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತಾ, "ನಿಜವಾಗ್ಲೂ ಕೂತಿದೀಯಾ?" ಎಂದು ಕೇಳಿದರು. ಬಾಯಿ ತೆರೆಯಲು ಬಹಳ ಹೊತ್ತು ಹಿಡಿಯಿತು. "ಕೂರುವಾಗ ಕಸುಬಿಗೇ ಕೂತೆ" ಎಂದೆ. "ಈಗ ಏಳೋಕೆ ಮನಸ್ಸಿಲ್ಲ ಕಣ್ರೀ. ಸುಸ್ತಾಗಿದೆ." ಹೇಳಿದ ಮೇಲೆ ಅಳು ಬಂತು. ಯಾಕೆ ಎಂದು ನನಗೆ ಗೊತ್ತಿಲ್ಲ, ದುಃಖವೇನೂ ಇರಲಿಲ್ಲ.

ಈಗ ಅವರು ಬೈಯುತ್ತಾರೆ, ಹೆದರಿಸುತ್ತಾರೆ, ಏನಾದರೂ ಸುಳ್ಳು ಹೇಳುತ್ತಾರೆ ಅಂದುಕೊಂಡೆ. ಅವರ ಜಾಗದಲ್ಲಿ ನಾನಿದ್ದರೆ ಅದನ್ನೇ ಮಾಡುತ್ತಿದ್ದೆ. ಅವರು ಏನೂ ಮಾಡಲಿಲ್ಲ. ನನ್ನ ಮುಖ ನೋಡಿದರು, ಹೆಗಲು ಒಮ್ಮೆ ಒತ್ತಿದರು, ಮೊಣಕಾಲು ಹಿಡಿದುಕೊಂಡು ಎದ್ದು ನಿಂತರು.

ಟ್ಯಾಂಕಿನ ಬಾಯಿಯಲ್ಲಿ ಶ್ರೀಪಾದರಾಯರ ತಲೆ ಕಾಣಿಸಿತು. "ಓಂಕಾರಪ್ಪ, ನೀವು ಎದ್ರಲ್ಲ, ದೇವರು ದೊಡ್ಡವನು. ಬೇಗ ಅಮ್ಮನನ್ನೂ ಎಬ್ಬಿಸಿ, ಮೂರನೇ ಟ್ಯಾಂಕು ತುಂಬಿ ಚೆಲ್ತಾ ಇದೆ!" ಎಂದು ಕೂಗಿದರು. ನಮ್ಮನೆಯವರು ತಲೆಯೆತ್ತಿ ನೋಡಲೂ ಇಲ್ಲ. ನಾನು ಇನ್ನೂ ಇಳಿಯದಂತೆ, ಕೋಲಿನಿಂದ ತಳ ಕದಡುವ ಹಾಗೆ ಬರಿಗಾಲನ್ನು ಒತ್ತಿ ಒತ್ತಿ ಇಡುತ್ತಾ ನನ್ನ ಸುತ್ತ ನಡೆಯಲು ಶುರುಮಾಡಿದ್ದರು.

"ಚೆಲ್ಲಲಿ ಬಿಡಿ ಸಾರ್" ಎಂದರು. "ಇವಳು ಈಗಷ್ಟೇ ಕೂತಿದಾಳೆ."